ಪಾತ್ರಿಯ ಮಗ ಓದಿದ ಪುಸ್ತಕಗಳು

ಸಂಜೀವಣ್ಣ ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದವರಲ್ಲ. ಕೈಗೆ ಸಿಕ್ಕ ಕೂಡಲೇ ಅದನ್ನು ಬೋರಲು ಹಾಕಿ, ಕೊನೆಯ ರಟ್ಟು ಎತ್ತಿ, ಹಿಂದುಗಡೆ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಪದಸೂಚಿಯ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತೆಂದರೆ ಆ ಪುಸ್ತಕ ಅವರ ಚೀಲ ಸೇರಿದಂತೆಯೇ. ನಿಲ್ಲದಿದ್ದರೆ, ಎಷ್ಟೇ ದೊಡ್ಡವರು ಬರೆದಿರಲಿ, ತಿರುಗಿ ರಾಶಿಗೆ. ಅವರು ಹುಡುಕುತ್ತಿದ್ದದ್ದು ಏನನ್ನು ಎಂದು ನನಗೆ ತಿಳಿಯಲು ಐದಾರು ವರ್ಷವೇ ಹಿಡಿಯಿತು. ಕನ್ನಡ ಪುಸ್ತಕಗಳ ಮೇಲೆ ಅವರಿಗಿದ್ದ ತಕರಾರು ಒಂದೇ, ಹೆಚ್ಚಿನವಕ್ಕೆ ಪದಸೂಚಿ ಇರುವುದಿಲ್ಲ. "ನಮ್ಮವರ ಪುಸ್ತಕಕ್ಕೆ ಬಾಲವೇ ಇಲ್ಲ ಮಾರಾಯ್ರೆ, ಎಲ್ಲಿ ಹಿಡಿಯುವುದು?" ಎನ್ನುತ್ತಿದ್ದರು.

ನಾನು ಮದುವೆಯಾಗಿ ಗದಗದಿಂದ ಬೊಂಬಾಯಿ ಹತ್ತಿರದ ಡೊಂಬಿವಲಿಗೆ ಬಂದದ್ದು ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಗಂಡನಿಗೆ ಎಂಐಡಿಸಿ ಎನ್ನುವ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಅವರು ಮನೆಯಲ್ಲಿದ್ದಾಗ ನಿದ್ದೆಯಲ್ಲಿರುತ್ತಿದ್ದರು, ಎಚ್ಚರವಿದ್ದಾಗ ಕಾರ್ಖಾನೆಯಲ್ಲಿರುತ್ತಿದ್ದರು. ನನಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ತರಕಾರಿಯವಳ ಮುಂದೆ ಬದನೆಕಾಯಿಗೆ ಬೆರಳು ತೋರಿಸಿ, ಬೆಲೆಗೆ ತಲೆ ಅಲ್ಲಾಡಿಸಿ ಬರುತ್ತಿದ್ದೆ. ಗದಗಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಅಂಥ ಬಾಯಿ ಇಲ್ಲಿ ಊಟಕ್ಕೆ ಮಾತ್ರ ಉಳಿಯಿತು. ಬೆಳಗಿನಿಂದ ಸಂಜೆಯವರೆಗೆ ಒಂದು ಕನ್ನಡದ ಮಾತೂ ಕಿವಿಗೆ ಬೀಳದೆ ಕಳೆದ ದಿನಗಳಿದ್ದವು. ಆಗ ಪಕ್ಕದ ಬಿಲ್ಡಿಂಗಿನವರೊಬ್ಬರು, ಸ್ಟೇಷನ್ನಿನ ಪೂರ್ವಕ್ಕೆ ಕನ್ನಡದ ವಾಚನಾಲಯ ಒಂದಿದೆ, ರವಿವಾರ ಮಾತ್ರ ತೆರೆದಿರುತ್ತದೆ ಎಂದು ಹೇಳಿದರು.

ವಾಚನಾಲಯವೆಂದರೆ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಕಾಲು ಅಲುಗುವ ಒಂದು ಮೇಜು. ಮೇಜಿನ ಹಿಂದೆ ತೆಳ್ಳಗಿನ, ಎತ್ತರದ, ಐವತ್ತು ದಾಟಿದ ಒಬ್ಬರು ಕುಳಿತಿದ್ದರು. ಅವರೇ ಸಂಜೀವಣ್ಣ. ನಾನು ಕಾದಂಬರಿ ಎಲ್ಲಿವೆ ಎಂದು ಕೇಳಿದೆ.

"ಎಂತಕ್ಕೆ ಕಾದಂಬರಿ?" ಎಂದರು, ತಲೆ ಎತ್ತದೆ.

"ಓದಾಕ್ರೀ. ಮತ್ಯಾಕ?"

"ಹುಟ್ಟದೇ ಇದ್ದ ಜನರ ಕಷ್ಟ ಓದಿ ಅಳ್ಲಿಕ್ಕೆ ಇಷ್ಟು ಮಳೆಯಲ್ಲಿ ಬಂದದ್ದಾ? ನಿಜವಾಗಿ ಇರುವ ಮನುಷ್ಯ ಹೇಗಿದ್ದಾನೆ ಅಂತ ನೋಡುವ ಆಸೆ ಇಲ್ವಾ ನಿಮಗೆ?"

ಎದ್ದು ಹೋಗಿ ಕಪಾಟಿನಿಂದ ಒಂದು ಪುಸ್ತಕ ತಂದು ಮುಂದಿಟ್ಟರು. ಅದರ ಮೇಲೆ ಕೈ ಗಲ್ಲಕ್ಕೆ ಕೊಟ್ಟು ಕುಳಿತ ಕೋತಿಯ ಚಿತ್ರ.

"ಇದೇನ್ರೀ, ಮಂಗ್ಯಾನ ಪುಸ್ತಕ?"

"ಮಂಗನದ್ದಲ್ಲ, ನಮ್ಮದೇ. ಮಂಗನಿಂದ ಸುರು ಮಾಡಿದ್ದಾರೆ ಅಷ್ಟೇ. ಯಾವ ಊರು ನಿಮ್ಮದು?"

"ಗದಗ್ರೀ."

"ಹಾಂ. ಓದಿ, ಗದಗ. ಬರುವ ಆದಿತ್ಯವಾರ ಎಂತ ಅನ್ನಿಸಿತು ಹೇಳಿ."

ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಗದಗವೇ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಪುಸ್ತಕಗಳ ಹೆಸರೂ ಅವರ ನಾಲಿಗೆಗೆ ಬರುತ್ತಿರಲಿಲ್ಲ, ಬರೆದವರ ಹೆಸರಂತೂ ಮೊದಲೇ ಇಲ್ಲ. ಮಂಗನ ಪುಸ್ತಕ, ತಲೆಬುರುಡೆಯ ಪುಸ್ತಕ, ಹಳದಿ ಪುಸ್ತಕ, ಚಹಾ ಚೆಲ್ಲಿದ ಪುಸ್ತಕ, ಹೀಗೆಯೇ ಅವರ ಲೆಕ್ಕ. ಆದರೆ ಒಳಗಿನದೆಲ್ಲ ಬಾಯಿಪಾಠ. ಮನುಷ್ಯ ಏಕೆ ಗುಂಪು ಕಟ್ಟುತ್ತಾನೆ, ಕೋಪ ಬಂದಾಗ ತಲೆಯೊಳಗೆ ಏನು ನಡೆಯುತ್ತದೆ, ಗೋಡೆಯ ಕಲೆಯಲ್ಲಿ ಏಕೆ ಮುಖ ಕಾಣುತ್ತದೆ, ಒಬ್ಬಂಟಿಯಾಗಿದ್ದವನು ಪ್ರಾರ್ಥಿಸಿದರೆ ಪಕ್ಕದಲ್ಲಿ ಯಾರೋ ಇದ್ದಂತೆ ಏಕೆ ಅನ್ನಿಸುತ್ತದೆ, ಇವೇ ಅವರ ವಿಷಯಗಳು. ಥಾಣೆ–ಬೇಲಾಪುರ ರಸ್ತೆಯ ಬಣ್ಣದ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಉದಾಹರಣೆಗಳನ್ನೂ ಅಲ್ಲಿಂದಲೇ ತರುತ್ತಿದ್ದರು. "ನೆನಪು ಅಂದರೆ ಗೋಡೆ, ಗದಗ. ನಾವು ಪ್ರತಿ ದೀಪಾವಳಿಗೆ ಬಣ್ಣ ಹೊಡೆಯುತ್ತೇವೆ. ಮೊದಲಿನ ಬಣ್ಣ ಯಾವುದು ಅಂತ ಗೋಡೆಗೇ ಗೊತ್ತಿಲ್ಲ."

ಡಾಕ್ಟರು ಔಷಧಿ ಬರೆದುಕೊಟ್ಟಂತೆ ಅವರು ಕಂಡಕಂಡವರಿಗೆ ಪುಸ್ತಕ ಹೇಳುತ್ತಿದ್ದರು. ಅವರ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ನೀರಿನ ವಿಷಯಕ್ಕೆ ಜಗಳಕ್ಕೆ ಬಂದಾಗ ಅವರಿಗೆ ಕೋಪದ ಪುಸ್ತಕ ಕೊಡಲು ಹೋಗಿ ಇನ್ನಷ್ಟು ಬೈಸಿಕೊಂಡರು. ಮಗಳ ಮದುವೆ ಮುರಿದುಬಿದ್ದು ಕೂತಿದ್ದ ಹೊಟೇಲಿನ ಶೆಟ್ಟರಿಗೆ, ಮನುಷ್ಯರು ಜೋಡಿ ಆರಿಸುವ ಬಗೆಯನ್ನು ಹೇಳುವ ಪುಸ್ತಕವೊಂದನ್ನು ಸೂಚಿಸಿದರು. ಆ ಶೆಟ್ಟರು ಒಂದು ವರ್ಷ ಇವರ ಜೊತೆ ಮಾತುಬಿಟ್ಟರು. ವಾಚನಾಲಯಕ್ಕೆ ಬರುವವರು ಅವರ ಬೆನ್ನ ಹಿಂದೆ ಅವರಿಗೆ 'ಮನುಷ್ಯ ಸ್ವಭಾವ' ಎಂದೇ ಹೆಸರಿಟ್ಟಿದ್ದರು. "ಓ, ಮನುಷ್ಯ ಸ್ವಭಾವ ಬಂತು" ಎಂದು ಮೆಲ್ಲಗೆ ಎದ್ದು ಹೋಗುತ್ತಿದ್ದರು. ಸಂಜೀವಣ್ಣನಿಗೆ ಅದು ತಿಳಿಯುತ್ತಿರಲಿಲ್ಲವೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ತಿಳಿಯುತ್ತಿತ್ತು. "ನನ್ನನ್ನು ಕಂಡರೆ ಜನ ಹೆದರುವುದು ಸಹಜ. ಅದಕ್ಕೂ ಒಂದು ಪುಸ್ತಕ ಉಂಟು" ಎಂದು ಒಮ್ಮೆ ಅವರೇ ಹೇಳಿ ನಕ್ಕರು. ಆ ನಗು ನನಗೆ ಸೇರಲಿಲ್ಲ.

ಅವರ ಹೆಂಡತಿ ಶುಭಾಂಗಿತಾಯಿ ಮರಾಠಿಯವರು (ತಾಯಿ ಎಂದರೆ ಅವರಲ್ಲಿ ಅಕ್ಕ), ಅದೇ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಮಗಳು ಮೃಣಾಲ್‌ಗೆ ಕನ್ನಡ ತಿಳಿಯುತ್ತಿತ್ತು, ಆದರೆ ಉತ್ತರ ಹಿಂದಿಯಲ್ಲಿ ಬರುತ್ತಿತ್ತು. ತುಳು ಆ ಮನೆಯಲ್ಲಿ ಅವರೊಬ್ಬರದೇ. "ಯಾರ ಹತ್ತಿರ ತುಳು ಮಾತಾಡ್ತೀರಿ ಮತ್ತ?" ಎಂದು ನಾನು ಕೇಳಿದ್ದಕ್ಕೆ, "ಮಾತಾಡ್ಲಿಕ್ಕೆ ಯಾರೂ ಇಲ್ಲ. ಎಣಿಸ್ಲಿಕ್ಕೆ ಉಂಟಲ್ಲ, ಒಂಜಿ ರಡ್ಡ್ ಮೂಜಿ ಅಂತ. ಸ್ಟೋರ್ಸಲ್ಲಿ ಡಬ್ಬಿ ಎಣಿಸುವಾಗ ತುಳುವೇ" ಎಂದರು.

ದೇವರಿದ್ದಾನೋ ಇಲ್ಲವೋ ಎಂದು ಅವರನ್ನು ಕೇಳುವಂತಿರಲಿಲ್ಲ. "ಅದು ನನ್ನ ಸಬ್ಜೆಕ್ಟ್ ಅಲ್ಲ. ನನ್ನದು ನಂಬುವ ಮನುಷ್ಯ" ಎನ್ನುವರು. ನನ್ನ ಗುರುವಾರದ ಉಪವಾಸವನ್ನು ಅವರು ಒಮ್ಮೆಯೂ ಹಾಸ್ಯ ಮಾಡಲಿಲ್ಲ. ಶುಭಾಂಗಿತಾಯಿ ಸಂಕಷ್ಟಿಗೆ ಟಿಟ್ವಾಳಾದ ಗಣಪತಿಗೆ ತಪ್ಪದೆ ಹೋಗುವವರು, ಇವರೂ ಜೊತೆಗೆ ಹೋಗುವವರೇ. ಆದರೆ ಗುಡಿಯೊಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಹೂವಿನಂಗಡಿಯ ನೆರಳಿನಲ್ಲಿ ಹೆಂಡತಿಯ ಚಪ್ಪಲಿಯನ್ನು ಪಕ್ಕದಲ್ಲಿಟ್ಟುಕೊಂಡು ಪುಸ್ತಕ ತೆರೆದು ಕೂರುವರು. "ಹ್ಯಾಂನಾ ದೇವ ನಕೋ, ಪಣ ಮಾಝ್ಯಾ ಚಪಲಾ ಸಾಂಭಾಳತಾತ" ಎಂದು ಶುಭಾಂಗಿತಾಯಿ ನಗುತ್ತಿದ್ದರು. ಇವರಿಗೆ ದೇವರು ಬೇಡವಂತೆ, ಆಕೆಯ ಚಪ್ಪಲಿ ಮಾತ್ರ ಜೋಪಾನ ಮಾಡುತ್ತಾರಂತೆ. ಒಮ್ಮೆ ಸಂಕಷ್ಟಿ ಮಂಗಳವಾರ ಬಿದ್ದ ಅಂಗಾರಕಿಯ ದಿನ ನಾನೂ ಅವರ ಜೊತೆ ಹೋದೆ. ಸಾಲು ಬೀದಿಯ ತಿರುವಿನಾಚೆಗೂ ಬೆಳೆದಿತ್ತು. ದರ್ಶನ ಮುಗಿಸಿ ಬಂದು ನೋಡಿದರೆ ಸಂಜೀವಣ್ಣನ ಸುತ್ತ ಚಪ್ಪಲಿಗಳ ರಾಶಿ. ಯಾರೋ ಅವರನ್ನು ಚಪ್ಪಲಿ ಕಾಯುವವರೆಂದೇ ತಿಳಿದು ಬಿಟ್ಟುಹೋಗಿದ್ದರು, ಒಬ್ಬರನ್ನು ನೋಡಿ ಇನ್ನೊಬ್ಬರು. ಇವರು ಎಲ್ಲರದನ್ನೂ ಜೋಡಿ ಜೋಡಿ ಮಾಡಿ ಇಟ್ಟಿದ್ದರು.

"ಎದ್ದು ಬರೂದಲ್ಲೇನ್ರೀ?" ಎಂದೆ.

"ಹೇಗೆ ಬರುವುದು? ನಂಬಿ ಬಿಟ್ಟು ಹೋಗಿದ್ದಾರೆ" ಎಂದರು. ಕೊನೆಯ ಜೋಡಿಯ ಮಾಲಕಿ ಬರುವವರೆಗೆ ನಾವು ಅಲ್ಲೇ ಕುಳಿತು ಶೇಂಗಾ ತಿಂದೆವು.

ಅದಾದ ಮುಂದಿನ ವರ್ಷ ಗದಗಿನಲ್ಲಿ ನನ್ನ ಅವ್ವ ತೀರಿಕೊಂಡಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿರುಗಿ ಬಂದ ಮೇಲೆ ಮಧ್ಯಾಹ್ನ ಒಬ್ಬಳೇ ಇರುವಾಗ ಅಡುಗೆಮನೆಯಲ್ಲಿ ಅವ್ವನ ಬಳೆಗಳ ಸದ್ದು ಕೇಳತೊಡಗಿತು. ಹಿಟ್ಟು ನಾದುವಾಗ ಅವಳ ಬಳೆ ಪರಾತಕ್ಕೆ ತಾಗುವ ಸದ್ದು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಗಂಡನಿಗೆ ಹೇಳಿದೆ, ಡಾಕ್ಟರ ಹತ್ತಿರ ಹೋಗೋಣ ಎಂದರು. ಪಕ್ಕದ ಮನೆಯವರು ಶಾಂತಿ ಮಾಡಿಸು ಎಂದರು. ನನಗೆ ಎರಡೂ ಬೇಕಿರಲಿಲ್ಲ. ರವಿವಾರ ವಾಚನಾಲಯಕ್ಕೆ ಹೋಗಿ ಸಂಜೀವಣ್ಣನ ಮುಂದೆ ಅತ್ತುಬಿಟ್ಟೆ.

ಅವರು ಸಮಾಧಾನದ ಮಾತೇನೂ ಆಡಲಿಲ್ಲ. ತಮ್ಮ ಚೀಲದಿಂದ ನೀಲಿ ರಟ್ಟಿನ ಇಂಗ್ಲಿಷ್ ಪುಸ್ತಕ ತೆಗೆದು ಕೊಟ್ಟರು. "ಸತ್ತವರ ಸದ್ದು ತುಂಬ ಜನಕ್ಕೆ ಕೇಳುತ್ತದೆ, ಗದಗ. ಹುಚ್ಚಲ್ಲ ಅದು. ಇಷ್ಟು ವರ್ಷ ಒಬ್ಬರ ಜೊತೆ ಇದ್ದ ಕಿವಿ ತಟ್ಟನೆ ಬಿಡುವುದಿಲ್ಲ. ಇದರಲ್ಲಿ ಎಲ್ಲ ಬರೆದಿದ್ದಾರೆ, ನಿಧಾನ ಓದಿ." ನಾನು ಪುಸ್ತಕ ತೆಗೆದುಕೊಂಡು ಎದ್ದೆ. ಬಾಗಿಲವರೆಗೆ ಬಂದು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ಮಾತು. ಕೊನೇ ಅಧ್ಯಾಯ ಸದ್ಯಕ್ಕೆ ಓದಬೇಡಿ. ಪೂರಾ ಅರ್ಥ ಆದರೆ ಬಳೆ ಸದ್ದು ನಿಲ್ಲುತ್ತದೆ."

ನಾನು ಆ ಅಧ್ಯಾಯ ಓದಲಿಲ್ಲ. ಇವತ್ತಿಗೂ ಓದಿಲ್ಲ. ಸದ್ದು ತಾನಾಗಿಯೇ ಕಡಿಮೆಯಾಗುತ್ತ ಒಂದು ದಿನ ನಿಂತಿತು, ಆ ದಿನ ನಾನು ಮತ್ತೊಮ್ಮೆ ಅತ್ತೆ. ಆದರೆ ಎಲ್ಲವನ್ನೂ ಓದಬೇಕು ಎನ್ನುವ ಮನುಷ್ಯ ಅಂಥ ಮಾತು ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಇವರಿಗೂ ಎಲ್ಲೋ ಏನೋ ಕೇಳಿಸಿದೆ ಎಂದು ನನಗೆ ಅನುಮಾನ ಬಂತು.

ಅದು ಬಯಲಾದದ್ದು ರೈಲಿನಲ್ಲಿ. ಥಾಣೆಯಲ್ಲಿ ಹಳೆಯ ಪುಸ್ತಕಗಳ ಮಾರಾಟವಿತ್ತು. ವಾಚನಾಲಯಕ್ಕೆ ನಾಲ್ಕು ಪುಸ್ತಕ ತರೋಣವೆಂದು ಸಂಜೀವಣ್ಣ ಹೊರಟರು, ನಾನೂ ಹೊರಟೆ. ತಿರುಗಿ ಬರುವಾಗ ಸಂಜೆ, ಜೋರು ಮಳೆ. ಅಷ್ಟು ಗದ್ದಲದಲ್ಲಿ ಲೇಡೀಸ್ ಡಬ್ಬಿಯತ್ತ ಓಡಲಾಗದೆ ನಾನು ಅವರ ಜೊತೆಯೇ ಜನರಲ್ ಹತ್ತಿದೆ. ಮುಂಬ್ರಾ ದಾಟಿ ದಿವಾ ಬರುವ ಮೊದಲು ಗಾಡಿ ನಿಂತುಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು ನಿಂತಿದೆ ಎಂದು ಯಾರೋ ಹೇಳಿದರು. ಸ್ವಲ್ಪ ಹೊತ್ತು ಎಲ್ಲರೂ ರೈಲ್ವೆಯವರನ್ನು ಬೈದರು, ಆಮೇಲೆ ಬೈಯಲು ಬೇಸರವಾಗಿ ಸುಮ್ಮನಾದರು. ಆಗ ನಮ್ಮ ಡಬ್ಬಿಯ ಆ ಮೂಲೆಯಲ್ಲಿ ದಿನಾಲೂ ಕೂಡಿ ಪ್ರಯಾಣ ಮಾಡುವ ಭಜನಾ ಮಂಡಳಿಯವರು ತಾಳ ತೆಗೆದರು. ವಿಠ್ಠಲ ವಿಠ್ಠಲ ಎಂದು ಸುರುವಾಗಿ, ಢೋಲಕಿ ಕೂಡಿಕೊಂಡು, ಲಯ ಏರುತ್ತ ಏರುತ್ತ ಇಡೀ ಡಬ್ಬಿ ಚಪ್ಪಾಳೆ ತಟ್ಟತೊಡಗಿತು. ನಾನೂ ತಟ್ಟಿದೆ.

ಪಕ್ಕಕ್ಕೆ ನೋಡಿದರೆ ಸಂಜೀವಣ್ಣ ನಡುಗುತ್ತಿದ್ದರು. ಮೊದಲು ಚಳಿಯೇನೋ ಎಂದುಕೊಂಡೆ. ಆದರೆ ನಡುಕ ತಾಳಕ್ಕೆ ಸರಿಯಾಗಿ ಬರುತ್ತಿತ್ತು. ಎರಡೂ ಕೈಯಿಂದ ಕಂಬಿ ಹಿಡಿದು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದರು. ಹಣೆಯಲ್ಲಿ ಬೆವರು.

"ಸಂಜೀವಣ್ಣ, ಏನಾತ್ರೀ? ಕುಂದರ್ರೀ ಇಲ್ಲಿ."

ತಲೆ ಅಲ್ಲಾಡಿಸಿದರು. ಭಜನೆ ಮುಗಿದ ಮೇಲೆಯೇ ಅವರ ಬಾಯಿಂದ ಮಾತು ಬಂದದ್ದು. "ಇದು ಬಿಡುವುದಿಲ್ಲ, ಗದಗ. ನಾನು ಎಷ್ಟು ಓದಿದರೆ ಎಂತ? ಮೈಗೆ ಓದ್ಲಿಕ್ಕೆ ಬರುವುದಿಲ್ಲ."

ನಿಂತ ಗಾಡಿಯಲ್ಲಿ ಅವರು ಎಲ್ಲ ಹೇಳಿದರು. ಅವರ ತಂದೆ ಉಡುಪಿಯ ಕಡೆಯ ಒಂದು ಹಳ್ಳಿಯಲ್ಲಿ ಪಾತ್ರಿ. ಪಾತ್ರಿಯೆಂದರೆ ದೈವ ಯಾರ ಮೈಮೇಲೆ ಬರುತ್ತದೆಯೋ ಅವನು. ಕೆಂಪು ರೇಷ್ಮೆಯ ಪಟ್ಟೆ ಉಟ್ಟು, ಕೈಯಲ್ಲಿ ಕತ್ತಿ ಹಿಡಿದು ನಿಂತರೆ ಮೈ ನಡುಗಿ ಆವೇಶವಾಗುತ್ತದೆ, ಅದಕ್ಕೆ ದರ್ಶನ ಬರುವುದು ಎನ್ನುತ್ತಾರೆ. ಆಮೇಲೆ ಅವನ ಬಾಯಿಂದ ಬರುವುದು ದೈವದ ನುಡಿ, ಅವನ ಮಾತಲ್ಲ. ದರ್ಶನದಲ್ಲಿರುವಾಗ ಪಾತ್ರಿಗೆ ಹೆಂಡತಿ ಮಕ್ಕಳಿಲ್ಲ. ಸ್ವಂತ ಮಗನೂ ಊರವರ ಜೊತೆ ಸಾಲಿನಲ್ಲಿ ನಿಂತು ಗಂಧ ಪಡೆಯಬೇಕು. ಅಪ್ಪನ ನಂತರ ಸಂಜೀವಣ್ಣನೇ ಎಂದು ಊರವರು ಅಂದುಕೊಂಡಿದ್ದರು, ಏಕೆಂದರೆ ಸಣ್ಣವರಿರುವಾಗಲೇ ಅವರಿಗೆ ನಡುಕ ಬರುತ್ತಿತ್ತು.

"ನನಗೆ ಹೆದರಿಕೆ ಆಯ್ತು. ಇಪ್ಪತ್ತು ವರ್ಷದವ ನಾನು. ಹೆದರಿಕೆ ಅಂತ ಹೇಳ್ಲಿಕ್ಕೆ ನಾಚಿಕೆ. ಅದಕ್ಕೆ ಅಪ್ಪನ ಎದುರು ನಿಂತು, ಇದೆಲ್ಲ ನಿಮ್ಮ ವೇಷ, ನಾಟಕ ಅಂತ ಹೇಳಿಬಿಟ್ಟೆ. ಊರವರೂ ಇದ್ದರು ಅಲ್ಲಿ. ಅಪ್ಪ ಬೈಯಲಿಲ್ಲ. ಆ ದಿವಸದಿಂದ ನನ್ನ ಹತ್ತಿರ ಮಾತಾಡಲಿಲ್ಲ, ಅಷ್ಟೇ. ನಾನು ಬೊಂಬಾಯಿಗೆ ಬಂದೆ. ಹೊಟೇಲು, ಕಂಪನಿ, ಮದುವೆ ಎಲ್ಲ ಆಯ್ತು. ಕಾಗದ ಹಾಕಿದರೆ ಉತ್ತರ ಇಲ್ಲ."

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ದೈವಕ್ಕೆ ಸೇವೆ ನಡೆಯುವ ದಿನ ಅವರು ಊರಿಗೆ ಹೋದರಂತೆ. ಬಸ್ಸಿಳಿದು ನೇರ ಅಲ್ಲಿಗೇ. ಮಧ್ಯಾಹ್ನದ ಹೊತ್ತು, ಅಪ್ಪನ ಮೇಲೆ ದರ್ಶನ ಬಂದಿತ್ತು, ಜನ ಸಾಲಿನಲ್ಲಿ ನಿಂತು ಗಂಧ ಪಡೆಯುತ್ತಿದ್ದರು.

"ನೀವೂ ನಿಂತ್ರಿ?"

"ನಿಂತೆ. ನಂಬಿಕೆಯಿಂದ ಅಲ್ಲ. ಅಪ್ಪನ ಕೈ ಮುಟ್ಲಿಕ್ಕೆ ನನಗೆ ಬೇರೆ ದಾರಿ ಇರಲಿಲ್ಲ." ಹಣೆಯ ಬೆವರು ಒರೆಸಿಕೊಂಡರು. "ನನ್ನ ಸರದಿ ಬಂತು. ಕೈ ಒಡ್ಡಿ ತಲೆ ತಗ್ಗಿಸಿದೆ. ಚೆಂಡೆ, ಗಂಟೆ, ಎಲ್ಲ ಸದ್ದು. ಅದರ ನಡುವೆ, ವಣಸ್ ಆಂಡಾ ಅಂತ ಕೇಳಿತು. ಅಂದರೆ ಊಟ ಆಯ್ತಾ ಅಂತ. ಮನೆ ಮಾತು ಅದು, ಗದಗ. ದೈವ ಹಾಗೆ ಮಾತಾಡುವುದಿಲ್ಲ. ದೈವದ ನುಡಿ ಬೇರೆ, ಅದಕ್ಕೊಂದು ಗತ್ತು ಉಂಟು. ನಾನು ತಲೆ ಎತ್ತಿದೆ. ಅಪ್ಪನ ಕಣ್ಣು ಎಲ್ಲಿಯೋ ಇತ್ತು."

ದರ್ಶನ ಇಳಿದ ಮೇಲೆ ತಂದೆ ಜಗಲಿಯಲ್ಲಿ ಕುಳಿತು ಸೀಯಾಳ ಕುಡಿಯುತ್ತಿದ್ದರು. ಸಂಜೀವಣ್ಣ ಎದುರು ಹೋಗಿ ನಿಂತರು. ಅವರು ಮುಖ ತಿರುಗಿಸಿದರು. ಅದೇ ಮಳೆಗಾಲದಲ್ಲಿ ತೀರಿಕೊಂಡರು.

"ಈಗ ಹೇಳಿ. ಕೇಳಿದ್ದು ಯಾರು? ಅಪ್ಪ ಆದರೆ, ಆಗ ದರ್ಶನ ಇರಲಿಲ್ಲ, ನಾನು ಹೇಳಿದ ಹಾಗೆ ವೇಷವೇ. ಆದರೆ ಅಪ್ಪ ನನ್ನ ಹತ್ತಿರ ಮಾತಾಡಿದರು. ದೈವ ಆದರೆ, ಅಪ್ಪನ ದರ್ಶನ ಸತ್ಯ, ನಾನು ಹೇಳಿದ್ದು ಸುಳ್ಳು. ಆದರೆ ಅಪ್ಪ ಸಾಯುವ ತನಕ ನನ್ನ ಹತ್ತಿರ ಮಾತಾಡಲೇ ಇಲ್ಲ. ಎರಡೂ ಒಟ್ಟಿಗೆ ನನಗೆ ಸಿಗುವುದಿಲ್ಲ."

ಅವರ ಬೆರಳು ಪದಸೂಚಿಗಳಲ್ಲಿ ಹುಡುಕುತ್ತಿದ್ದದ್ದು ಇದನ್ನು. ಮೈಮೇಲೆ ಬರುವುದಕ್ಕೆ ಇಂಗ್ಲಿಷಿನಲ್ಲಿರುವ ಪದ ಪೊಸೆಶನ್. ಡೊಂಬಿವಲಿಯಲ್ಲಿ ಆ ಪದಕ್ಕೆ ಒಂದೇ ಅರ್ಥ, ಬಿಲ್ಡರ್ ಫ್ಲ್ಯಾಟಿನ ಕೀಲಿಕೈ ಕೊಡುವುದು. ಹಿಂದೊಮ್ಮೆ ಅವರು ವಾಚನಾಲಯದಲ್ಲಿ, "ಪೊಸೆಶನ್ ವಿಷಯ ನೋಡ್ತಾ ಇದ್ದೇನೆ, ಮೂವತ್ತು ವರ್ಷ ಆಯ್ತು, ಇನ್ನೂ ಇತ್ಯರ್ಥ ಇಲ್ಲ" ಎಂದಾಗ, ಅಲ್ಲಿದ್ದವರೆಲ್ಲ ಮರುಗಿ ಯಾವ ಬಿಲ್ಡರ್ ಎಂದು ಕೇಳಿದ್ದರು. ಒಬ್ಬರು ವಕೀಲರ ವಿಳಾಸವನ್ನೂ ಕೊಟ್ಟಿದ್ದರು. ಅಂದು ನಾನೂ ಪಾಪ, ಹಣ ಕಟ್ಟಿ ಮೋಸ ಹೋಗಿದ್ದಾರೆ ಎಂದೇ ತಿಳಿದಿದ್ದೆ. ರೈಲಿನಲ್ಲಿ ಅದನ್ನು ನೆನಪಿಸಿದಾಗ ಇಬ್ಬರೂ ನಕ್ಕೆವು. ಅಷ್ಟರಲ್ಲಿ ಗಾಡಿ ಹೊರಟಿತು.

ಆಮೇಲೆ ದಿನಗಳು ಬೇಗ ಬೇಗ ಕೆಟ್ಟವು. ಶುಭಾಂಗಿತಾಯಿ ಕಾಯಿಲೆ ಬಿದ್ದು, ಆರು ತಿಂಗಳು ನರಳಿ ಹೋದರು. ವಾಚನಾಲಯದ ಕೋಣೆಯನ್ನು ಮಾಲಕರು ಬಿಡಿಸಿಕೊಂಡರು, ಪುಸ್ತಕಗಳು ರಟ್ಟಿನ ಪೆಟ್ಟಿಗೆ ಸೇರಿ ಯಾರದೋ ಮನೆಯ ಬಾಲ್ಕನಿಯಲ್ಲಿ ಉಳಿದವು. ಮೃಣಾಲ್ ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಳು, ಅಲ್ಲೇ ಫ್ಲ್ಯಾಟ್ ಮಾಡಿ ತಂದೆಯನ್ನು ಕರೆದುಕೊಂಡು ಹೋದಳು. ನಾವು ಪಕ್ಕದ ಊರು ಕಲ್ಯಾಣಕ್ಕೆ ಮನೆ ಬದಲಿಸಿದೆವು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ. ಅವರು ಈಗಲೂ ಪುಸ್ತಕ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಒಂದು ಸಲ ಪುಸ್ತಕ ಹೇಳಲಿಲ್ಲ. "ಒಮ್ಮೆ ಬಂದು ಹೋಗಿ, ಗದಗ" ಎಂದಷ್ಟೇ ಹೇಳಿ ಫೋನು ಇಟ್ಟರು. ಆ ದನಿ ಕೇಳಿ ಮರುದಿನವೇ ಹೊರಟೆ.

ಥಾಣೆಗೆ ಬಂದು, ಟ್ರಾನ್ಸ್ ಹಾರ್ಬರ್ ಲೈನಿನ ಲೋಕಲ್ ಗಾಡಿ ಹಿಡಿದು ಐರೋಲಿಯಲ್ಲಿ ಇಳಿದೆ. ಹತ್ತನೆಯ ಅಂತಸ್ತು. ಕಿಟಕಿಯಿಂದ ಕಾಣುವುದು ಖಾಡಿ, ಒಳನುಗ್ಗಿದ ಕಡಲಿನ ನೀರು, ಅದರಾಚೆ ಮುಲುಂಡಿಗೆ ಹೋಗುವ ಸೇತುವೆ. ಮಗಳು ಕೆಲಸಕ್ಕೆ ಹೋಗಿದ್ದಳು. ಸಂಜೀವಣ್ಣ ಬಹಳ ಇಳಿದುಹೋಗಿದ್ದರು. ಮನೆಯಲ್ಲಿ ಒಂದು ಪುಸ್ತಕವೂ ಕಾಣಲಿಲ್ಲ, ಕೇಳಿದ್ದಕ್ಕೆ ಎಲ್ಲ ಮಂಚದ ಕೆಳಗೆ ಇವೆ ಎಂದರು. ತಾವೇ ಚಹಾ ಮಾಡಿ ತಂದರು, ಸಕ್ಕರೆ ಹಾಕುವುದು ಮರೆತಿದ್ದರು.

"ಊರಿಗೆ ಹೋಗಿದ್ದೆ. ದೂಮಣ್ಣ ಅಂತ ಒಬ್ಬ ಇದ್ದಾನೆ, ಈಗ ತುಂಬ ಮುದುಕ. ಆಗ ಅಪ್ಪನ ಮಗ್ಗುಲಲ್ಲಿ ಗಂಧದ ಹರಿವಾಣ ಹಿಡಿದು ನಿಲ್ಲುತ್ತಿದ್ದವ ಅವನೇ. ಮಾತಿಗೆ ಮಾತು ಬಂತು. ನೀನು ಆ ದಿವಸ ಬಸ್ಸಿಳಿದು ಬಂದಿದ್ದೆ, ಮುಖ ಬಾಡಿತ್ತು, ನಾನು ಊಟ ಆಯ್ತಾ ಕೇಳಿದರೆ ನೀನು ಉತ್ತರ ಕೊಡಲಿಲ್ಲ, ಬೊಂಬಾಯಿಯವನಿಗೆ ಅಹಂಕಾರ ಅಂತ ಎಣಿಸಿದೆ, ಅಂತ ಹೇಳಿದ." ಸಂಜೀವಣ್ಣ ಕಪ್ಪನ್ನು ಕೆಳಗಿಟ್ಟರು. "ನಗುತ್ತಾ ಹೇಳಿದ, ಗದಗ."

ಕೇಳಿದ್ದು ದೂಮಣ್ಣ. ಅಪ್ಪನೂ ಅಲ್ಲ, ದೈವವೂ ಅಲ್ಲ. ಅಷ್ಟು ಪುಸ್ತಕ, ಅಷ್ಟು ವರ್ಷ, ಹಸಿದ ಮುಖ ಕಂಡು ಯಾರೋ ಸಹಜವಾಗಿ ಕೇಳಿದ ಮಾತಿಗೆ.

"ಅವರ ನೆನಪಿಗೂ ಬಣ್ಣ ಬಳಕೊಂಡಿರ್ಬೇಕ್ರೀ. ನೀವ ಹೇಳಿದ್ರಲ್ಲ, ಗ್ವಾಡಿ ಅಂತ" ಎಂದೆ.

"ಯೋಚಿಸಿದೆ ಅದನ್ನು. ಆದರೆ ಅವನಿಗೆ ಎಂತ ಅಗತ್ಯ? ಅವನ ಪಾಲಿಗೆ ಅದು ಸಣ್ಣ ಮಾತು. ಬಣ್ಣ ಹೊಡೆಯುವ ಅಗತ್ಯ ಇದ್ದವ ನಾನು." ಬೆರಳಿನಿಂದ ಕಿವಿ ಮುಟ್ಟಿ ತೋರಿಸಿದರು. "ಕಿವಿಯಲ್ಲಿ ಅಪ್ಪನ ಸ್ವರ ಈಗಲೂ ಉಂಟು. ಅದು ದೂಮಣ್ಣನ ಸ್ವರ ಅಲ್ಲವೇ ಅಲ್ಲ. ಆದರೆ ನನ್ನ ಹಾಗೆ ಹೇಳುವವರ ಬಗ್ಗೆಯೇ ಅಲ್ವಾ ಪುಸ್ತಕದವರೆಲ್ಲ ಬರೆದದ್ದು?"

ಹೊರಗೆ ಸೇತುವೆಯ ಮೇಲೆ ಗಾಡಿಗಳು ಹೋಗುತ್ತಿದ್ದವು. ಅವರು ನನ್ನ ಕಡೆ ತಿರುಗಿ, ಮುಖವನ್ನೇ ನೋಡುತ್ತ ಕೇಳಿದರು.

"ಪುಸ್ತಕ ಬಿಡಿ. ನೀವು ಹೇಳಿ. ಕೇಳಿದ್ದು ಯಾರು?"

ನನಗೇನು ಗೊತ್ರೀ ಎನ್ನಬೇಕೆಂದೇ ನಾನು ಬಾಯಿ ತೆರೆದದ್ದು. ಹತ್ತು ಹನ್ನೆರಡು ವರ್ಷ ಅವರ ಕೈಯಲ್ಲಿ ಪಳಗಿದವಳು, ಆಧಾರವಿಲ್ಲದೆ ಒಂದು ಮಾತು ಆಡಬಾರದು ಎಂದು ಅವರಿಂದಲೇ ಕಲಿತವಳು. ಆದರೆ ಬಂದ ಮಾತು ಬೇರೆಯಾಗಿತ್ತು.

"ನಿಮ್ಮಪ್ಪಾರ ಕೇಳ್ಯಾರ" ಎಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅಷ್ಟು ಗಟ್ಟಿಯಾಗಿ ನಾನು ಗದಗ ಬಿಟ್ಟು ಬಂದ ಮೇಲೆ ಎಂದೂ ಮಾತಾಡಿರಲಿಲ್ಲ. ತೋಳಿನ ಕೂದಲು ನಿಮಿರಿ ನಿಂತಿದ್ದವು.

ಸಂಜೀವಣ್ಣ ನನ್ನ ಕಡೆ ಬಾಗಿದರು. "ವೇಷ ಮಾಡ್ತಾ ಇಲ್ವಲ್ಲ, ಗದಗ?"

"ಇಲ್ರೀ."

"ಹಾಂ" ಎಂದರು. ಇನ್ನೊಮ್ಮೆ "ಹಾಂ" ಎಂದರು. ಕಣ್ಣು ಒರೆಸಿಕೊಂಡು, ಸಕ್ಕರೆಯಿಲ್ಲದ ಚಹಾವನ್ನು ಪೂರ್ತಿ ಕುಡಿದರು. ನಾನು ಹೊರಟಾಗ ಲಿಫ್ಟಿನವರೆಗೆ ಬಂದರು. ಅಂದು ಅವರು ನನಗೆ ಯಾವ ಪುಸ್ತಕವನ್ನೂ ಹೇಳಲಿಲ್ಲ.

ಎರಡು ತಿಂಗಳಲ್ಲಿ ಮೃಣಾಲ್ ಫೋನು ಮಾಡಿದಳು. "ಆಂಟಿ, ಪಪ್ಪಾ ನಹೀ ರಹೇ" ಎಂದಳು. ನಿದ್ದೆಯಲ್ಲೇ ಹೋದರಂತೆ, ಮುಖ ಶಾಂತವಾಗಿತ್ತಂತೆ. ನಾನು ಹೋಗಿ ಬಂದೆ. ಬರುವಾಗ ಗಾಡಿಯಲ್ಲಿ ಕೂತು, ಇನ್ನು ಈ ಊರಿನಲ್ಲಿ ನನ್ನನ್ನು ಗದಗ ಎಂದು ಕರೆಯುವವರು ಯಾರೂ ಇಲ್ಲವಲ್ಲ ಎಂದು ಸಂಕಟವಾಯಿತು.

ಆ ದಿನ ನನ್ನ ಬಾಯಿಂದ ಬಂದ ಮಾತು ಅವರ ಸಮಾಧಾನಕ್ಕೆಂದು ನಾನು ಕಟ್ಟಿ ಆಡಿದ್ದೋ, ನಂಬಿ ಆಡಿದ್ದೋ, ಅಥವಾ ಆಡಿದ್ದು ನಾನೇ ಹೌದೋ, ಇಂದಿಗೂ ನನಗೆ ತಿಳಿದಿಲ್ಲ. ಇದಕ್ಕೆ ಯಾವ ಪುಸ್ತಕ ಓದಬೇಕು ಎಂದು ಕೇಳೋಣವೆಂದರೆ, ಹೇಳುವವರು ಈಗ ಇಲ್ಲ.